ಧಾರಾವಾಹಿ ಬರೆಯಲು ಬೆಂಗಳೂರಿಗೆ ಹೋಗಲೇ? ಕಾಸರಗೋಡಿನಿಂದ ಹೋದವರ ಅನುಭವ

ಕೇಳಿದವರು, ನೀರ್ಚಾಲು

ನನಗೆ 24 ವರ್ಷ. ಕನ್ನಡ ಎಂ.ಎ. ಆಗಿದೆ. ಟಿವಿ ಧಾರಾವಾಹಿಗೆ ಬರೆಯಬೇಕು, ಮುಂದೆ ನಾನೇ ಒಂದು ನಿರ್ಮಾಣ ಮಾಡಬೇಕು ಅಂತ ಆಸೆ. ಮನೆಯಲ್ಲಿ ಬಿ.ಎಡ್. ಮಾಡು, ಸರಕಾರಿ ಕೆಲಸಕ್ಕೆ ಪಿಎಸ್‌ಸಿ ಪರೀಕ್ಷೆ ಬರೆ ಅನ್ನುತ್ತಾರೆ. ಬೆಂಗಳೂರಿನಲ್ಲಿ ಯಾರ ಪರಿಚಯವೂ ಇಲ್ಲ. ನಮ್ಮ ಕಡೆಯಿಂದ ಹೋದ ಅಕ್ಕಂದಿರು, ಅಣ್ಣಂದಿರು ಇದ್ದರೆ ನಿಮ್ಮ ಅನುಭವ ಹೇಳಿ.

ಪೆರ್ಲದವಳು, ಈಗ ಬೆಂಗಳೂರು

ತಂಗಿ, ನಾನು ಹನ್ನೊಂದು ವರ್ಷದಿಂದ ಸಂಭಾಷಣೆ ಬರೆಯುತ್ತಿದ್ದೇನೆ. ಧಾರಾವಾಹಿಯಲ್ಲಿ ಬರೆಯುವವರು ಒಬ್ಬರೇ ಅಲ್ಲ. ಕಥೆ ಒಬ್ಬರದ್ದು, ಚಿತ್ರಕಥೆ ಇನ್ನೊಬ್ಬರದ್ದು, ಸಂಭಾಷಣೆ ಮತ್ತೊಬ್ಬರದ್ದು. ಹೊಸಬರು ಹೆಚ್ಚಾಗಿ ಒಳಗೆ ಬರುವುದು ಸಂಭಾಷಣೆಕಾರರಿಗೆ ಸಹಾಯಕರಾಗಿ. ಅರ್ಧ ಗಂಟೆಯ ಧಾರಾವಾಹಿ ಅಂದರೆ ಜಾಹೀರಾತು ಕಳೆದು ಸುಮಾರು 22 ನಿಮಿಷ. ವಾರಕ್ಕೆ ಐದಾರು ಕಂತು. ಜ್ವರ ಬಂದರೂ ನಾಳೆಯ ಸೀನ್ ಇವತ್ತು ರಾತ್ರಿಯೇ ಹೋಗಬೇಕು.

ನನಗೆ ಕಷ್ಟವಾದದ್ದು ಭಾಷೆ. ನಾವು ಮನೆಯಲ್ಲಿ ಹವ್ಯಕವೋ ತುಳುವೋ ಮಾತಾಡಿ, ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿತವರು ಅಲ್ವಾ? ಒಂದು ಸೀನಿನಲ್ಲಿ ಮನೆಗೆ ನೆಂಟರು ಬರುತ್ತಾರೆ. ಅತ್ತೆಯ ಬಾಯಲ್ಲಿ "ಆಸರಿಗೆ ಏನು ತರಲಿ?" ಅಂತ ಬರೆದಿದ್ದೆ. ಹಿರಿಯ ಕಲಾವಿದೆಯೊಬ್ಬರು ಹಾಳೆ ಹಿಡಿದು ಸುಮ್ಮನೆ ನಿಂತರು. "ಆಸರಿ ಅಂದ್ರೇನಮ್ಮಾ?" ಅಂತ ಕೇಳಿದರು. ಕುಡಿಯುವುದಕ್ಕೆ ಅಂದೆ. ಅವರು ಪೆನ್ನು ತಗೊಂಡು "ಕಾಫಿ ತರ್ಲಾ, ಟೀ ತರ್ಲಾ?" ಅಂತ ತಿದ್ದಿ, ಒಂದೇ ಟೇಕಿಗೆ ಮುಗಿಸಿದರು. ಆ ದಿನದಿಂದ ಆರು ತಿಂಗಳು ನಾನು ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ಪಿಜಿಯ ಅಡುಗೆಮನೆಯಲ್ಲಿ ಕೇಳಿದ ಮಾತನ್ನೆಲ್ಲ ಬರೆದಿಟ್ಟೆ. ನೀವೂ ಹಾಗೆ ಮಾಡಿ. ನಮ್ಮ ಮಾತನ್ನು ಮಾತ್ರ ಮರೆಯಬೇಡಿ. ಕರಾವಳಿಯ ಕಥೆ ಬಂದಾಗ ನನ್ನನ್ನೇ ಹುಡುಕಿ ಕರೆಯುತ್ತಾರೆ.

ನಮ್ಮ ಹತ್ತಿರ ಇರುವ ಇನ್ನೊಂದು ಆಸ್ತಿ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು, ಅಂದರೆ ಅದರಲ್ಲಿ ಅವರು ಪಾತ್ರವಾಗಿ ಆಡುವ ಮಾತನ್ನು, ಅಜ್ಜನ ಹಳೆಯ ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದವಳು ನಾನು. ಎದುರಿನವನು ಆಡಿದ ಒಂದು ಶಬ್ದವನ್ನೇ ಹಿಡಿದು ಅವನಿಗೆ ತಿರುಗಿಸುವ ಆ ಬಗೆ ಇದೆಯಲ್ಲ, ಅತ್ತೆ ಸೊಸೆ ಜಗಳ ಬರೆಯುವಾಗ ನನ್ನ ಕೈ ಹಿಡಿದದ್ದು ಅದೇ. ಮತ್ತೆ, ನಿಮಗೆ ಮಲಯಾಳ ಬರುತ್ತದೆ ಅಂತ ಮೊದಲ ದಿನವೇ ಹೇಳಿ. ಬೇರೆ ಭಾಷೆಯ ಧಾರಾವಾಹಿಗಳು ಕನ್ನಡಕ್ಕೆ ರೀಮೇಕ್ ಆಗುತ್ತಲೇ ಇರುತ್ತವೆ. ಮೂಲವನ್ನು ನೋಡಿ ಅರ್ಥಮಾಡಿಕೊಳ್ಳುವ ಬರಹಗಾರರು ಬೇಕೇ ಬೇಕು.

ಕುಂಬಳೆಯಿಂದ

ನಾನು ಎರಡು ವರ್ಷ ಇದ್ದು ವಾಪಸ್ ಬಂದವನು. ಒಂದು ನಿರ್ಮಾಣ ಸಂಸ್ಥೆಯಿಂದ ನಾಲ್ಕು ತಿಂಗಳ ದುಡ್ಡು ಬರಲೇ ಇಲ್ಲ. ಕೇಳಲು ಹೋದರೆ ತೋರಿಸಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ, ಎಲ್ಲ ಬಾಯಿಮಾತು. ಟೈಟಲ್ಲಿನಲ್ಲಿ ಹೆಸರೂ ಬರಲಿಲ್ಲ. ಅದು ಈಗಲೂ ನೋಯುತ್ತದೆ. ಕಂತಿಗೆ ಎಷ್ಟು, ಯಾವಾಗ ಕೊಡುತ್ತಾರೆ, ಹೆಸರು ಹಾಕುತ್ತಾರಾ, ಈ ಮೂರನ್ನು ಕೊನೇಪಕ್ಷ ಒಂದು ಇಮೇಲಿನಲ್ಲಾದರೂ ಬರೆಸಿಕೊಳ್ಳಿ. ದುಡ್ಡು ಕೊಡುವಾಗ ನೂರಕ್ಕೆ ಹತ್ತು ಟಿಡಿಎಸ್, ಅಂದರೆ ಆದಾಯ ತೆರಿಗೆ ಅಂತ ಮೊದಲೇ ಹಿಡಿಯುತ್ತಾರೆ. ಆದಾಯ ತೆರಿಗೆ ರಿಟರ್ನ್ ಹಾಕಿದರೆ, ತೆರಿಗೆ ಬೀಳುವಷ್ಟು ಆದಾಯ ಇಲ್ಲದವರಿಗೆ ಅದು ವಾಪಸ್ ಬರುತ್ತದೆ. ನನಗೆ ಇದು ತಡವಾಗಿ ಗೊತ್ತಾಯಿತು.

ನನ್ನ ಅಭಿಪ್ರಾಯ ಕೇಳಿದರೆ ಬಿ.ಎಡ್. ಮುಗಿಸಿ ಹೋಗಿ. ನಾನು ಬಂದು ಮಾಡಿದೆ, ಈಗ ಕನ್ನಡ ಮೇಷ್ಟ್ರು.

ಪೆರ್ಲದವಳು

ಅಣ್ಣ ಹೇಳಿದ ಮೂರು ಮಾತನ್ನು ಖಂಡಿತ ಪಾಲಿಸಿ. ಬಿ.ಎಡ್. ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ. ಎರಡು ವರ್ಷ ಬೇಕು, ಅಷ್ಟರಲ್ಲಿ ಮನೆಯವರು ಮದುವೆಯ ಮಾತು ತೆಗೆಯುತ್ತಾರೆ. ಆರು ತಿಂಗಳ ಖರ್ಚಿಗೆ ದುಡ್ಡು ಕೂಡಿಟ್ಟು ಹೊರಡಿ. ಒಂದು ವರ್ಷ ಅಂತ ಮನೆಯಲ್ಲಿ ಅವಧಿ ಕೇಳಿ.

ಮಂಜೇಶ್ವರದಿಂದ, ನಿರ್ಮಾಣ ವಿಭಾಗದಲ್ಲಿದ್ದವನು

ನಿರ್ಮಾಣದ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ಬರೆಯುತ್ತೇನೆ. ಚಾನೆಲ್ ಕಂತಿಗೆ ಇಷ್ಟು ಅಂತ ದರ ಗೊತ್ತುಮಾಡುತ್ತದೆ. ಶೂಟಿಂಗ್ ಮನೆಯ ಬಾಡಿಗೆ, ಕ್ಯಾಮೆರಾ, ಕಲಾವಿದರ ಸಂಭಾವನೆ, ಗಾಡಿ, ಊಟ ಎಲ್ಲ ಅದರೊಳಗೇ. ಬಿಲ್ಲಿನ ದುಡ್ಡು ಪ್ರಸಾರವಾದ ಮೇಲೆ ಬರುತ್ತದೆ, ಅಲ್ಲಿಯವರೆಗೆ ನಿರ್ಮಾಪಕರೇ ಕೈಯಿಂದ ಹಾಕಬೇಕು. ಕಥೆಯ ಹಕ್ಕು ಹೆಚ್ಚಾಗಿ ಚಾನೆಲಿನದ್ದು. ಗುರುವಾರ ರೇಟಿಂಗ್ ಬರುತ್ತದೆ. ಅದು ಬಿದ್ದರೆ ಕಥೆಯ ದಾರಿಯೇ ಬದಲಾಗುತ್ತದೆ.

ಒಮ್ಮೆ ನಾಯಕಿಗೆ ಜ್ವರ ಬಂದು ಆಸ್ಪತ್ರೆ ಸೇರಿದರು. ಶೂಟಿಂಗ್ ಮುಗಿದು ಕೈಯಲ್ಲಿದ್ದದ್ದು ಎರಡೇ ಕಂತು. ಬೆಳಿಗ್ಗೆ ಏಳಕ್ಕೆ ನಮ್ಮ ಸಂಭಾಷಣೆಕಾರ ಮೇಕಪ್ ಕೋಣೆಯ ನೆಲದ ಮೇಲೆ ಕೂತು, ಅವಳ ನಾಲ್ಕು ಸೀನನ್ನೂ ಗಂಡ ಫೋನಿನಲ್ಲಿ ಅವಳ ಜೊತೆ ಮಾತಾಡುವ ಹಾಗೆ ತಿರುಗಿಸಿ ಬರೆದ. ಒಂಬತ್ತೂವರೆಗೆ ಕ್ಯಾಮೆರಾ ಓಡಿತು. ಬಾಡಿಗೆ ದಂಡವಾಗಲಿಲ್ಲ. ಅಂಥ ಬರಹಗಾರನನ್ನು ಯಾವ ನಿರ್ಮಾಪಕರೂ ಬಿಡುವುದಿಲ್ಲ. ನಿರ್ಮಾಣಕ್ಕೆ ಇಳಿಯುವ ಆಸೆ ಇದ್ದರೆ ಬರೆಯುವ ಕಾಲದಲ್ಲೇ ವಾರಕ್ಕೊಮ್ಮೆಯಾದರೂ ಸೆಟ್ಟಿಗೆ ಹೋಗಿ, ಮ್ಯಾನೇಜರ್ ಪಕ್ಕ ಕೂತು ಲೆಕ್ಕ ನೋಡಿ.

ಟಿ.ಎನ್. ಸೀತಾರಾಂ ಅವರ ದಾರಿ ನೋಡಿ. ನಾಟಕ ಬರೆದವರು, ವಕೀಲಿ ಮಾಡಿದವರು. ಆಮೇಲೆ ಬರೆದು, ನಿರ್ದೇಶಿಸಿ, ನಟಿಸಿ, ನಿರ್ಮಾಣವನ್ನೂ ಮಾಡಿದರು. ಅವರ ಧಾರಾವಾಹಿಗಳ ಕೋರ್ಟ್ ಸೀನು ಜನರಿಗೆ ಅಷ್ಟು ಹಿಡಿಸಿದ್ದು ಅವರು ಕೋರ್ಟನ್ನು ಒಳಗಿನಿಂದ ಕಂಡವರು ಅನ್ನುವ ಕಾರಣಕ್ಕೇ ಅಂತ ನನ್ನ ನಂಬಿಕೆ. ನೀವು ಒಳಗಿನಿಂದ ಕಂಡದ್ದು ಯಾವುದು? ಅಡಿಕೆ ತೋಟದ ಪಾಲಾ, ಮುಚ್ಚುವ ಹಂತಕ್ಕೆ ಬಂದ ಕನ್ನಡ ಶಾಲೆಯಾ?

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಅಡಿಕೆ ತೋಟದ ಪಾಲು ನಮ್ಮ ಮನೆಯಲ್ಲೇ ಆಗಿದೆ. ಅಕ್ಕಾ, ಬರೆದು ಕಳಿಸಿದರೆ ನೋಡುತ್ತೀರಾ?

ಪೆರ್ಲದವಳು

ನೋಡುತ್ತೇನೆ. ಅಣ್ಣ ತಮ್ಮ ಪಾಲಿಗೆ ಕೂತಿದ್ದಾರೆ, ಅಮ್ಮ ಒಳಗೆ ಇದ್ದಾರೆ ಅಂತ ಇಟ್ಟುಕೊಳ್ಳಿ. ಮೂರು ಪುಟ ಸಾಕು. "ನನಗೆ ಬೇಜಾರಾಯಿತು" ಅಂತ ಯಾರೂ ಬಾಯಿಬಿಟ್ಟು ಹೇಳಬಾರದು. ಬರೆದ ಮೇಲೆ ಜೋರಾಗಿ ಓದಿ, ನಾಲಿಗೆ ತಡವರಿಸಿದ ಕಡೆ ತಿದ್ದಿ, ಆಮೇಲೆ ಕಳಿಸಿ. ಈ ಭಾನುವಾರ ನನಗೆ ರಜೆ ಇದೆ.