ಎರಡು ಆಯಾಮದ ಎಫ್‌ಡಿಟಿಡಿ: 400 ಹೆಜ್ಜೆ ದಾಟಿದರೆ ಬರೀ ನ್ಯಾನ್

ಪ್ರಶ್ನೆ (ಮಂಡ್ಯ):
ನಮಸ್ಕಾರ. ಗುತ್ತಲು ರಸ್ತೆಯ ನಮ್ಮ ಹಳೇ ಮನೆಯ ಗೋಡೆ ಒಂದೂವರೆ ಅಡಿ ದಪ್ಪ. ನಡುಮನೆಯ ವೈಫೈ ಅಡುಗೆಮನೆಗೆ ಯಾಕೆ ಬರಲ್ಲ ಅಂತ ನೋಡೋಕೆ ಪೈಥಾನ್‌ನಲ್ಲಿ ಎಫ್‌ಡಿಟಿಡಿ ಬರೆದೆ (ಜಾಗವನ್ನು ಚೌಕಗಳಾಗಿ, ಕಾಲವನ್ನು ಹೆಜ್ಜೆಗಳಾಗಿ ಕತ್ತರಿಸಿ ವಿದ್ಯುತ್ಕಾಂತೀಯ ಅಲೆಯನ್ನು ಲೆಕ್ಕ ಹಾಕುವ ವಿಧಾನ). ಚೌಕ 5 ಮಿ.ಮೀ., ಕಾಲದ ಹೆಜ್ಜೆ 16.6 ಪಿಕೋಸೆಕೆಂಡ್. ಒಂದು ಆಯಾಮದಲ್ಲಿ ಇದೇ ಹೆಜ್ಜೆ ಎಷ್ಟು ಹೊತ್ತು ಓಡಿಸಿದರೂ ಚೆನ್ನಾಗಿತ್ತು. ಎರಡು ಆಯಾಮದಲ್ಲಿ ಶುರುವಾದ ಕೂಡಲೇ ಚಿತ್ರ ಹಾಳು, 400ರ ನಂತರ ಎಲ್ಲಾ ಕಡೆ ನ್ಯಾನ್, ಅಂದರೆ ‘ಇದು ಸಂಖ್ಯೆಯೇ ಅಲ್ಲ’ ಅನ್ನೋ ಗುರುತು. ಗೋಡೆಗೆ ಪರ್ಮಿಟಿವಿಟಿ (ಅಲೆಯ ವೇಗ ತಗ್ಗಿಸುವ ವಿದ್ಯುತ್ ಗುಣ) 4 ಕೊಟ್ಟಿದ್ದು ಜಾಸ್ತಿಯಾಯಿತಾ? ಚೌಕವನ್ನು 2.5 ಮಾಡಿದರೆ ಇನ್ನೂ ಬೇಗ ಸಿಡಿಯುತ್ತೆ. ಮೂರು ರಾತ್ರಿಯಿಂದ ಇದೇ ಪಾಡು.

ಉತ್ತರ (ಮೈಸೂರು):
ಗೋಡೆಯದು ತಪ್ಪಿಲ್ಲ. ಅದರೊಳಗೆ ಅಲೆ ಅರ್ಧ ವೇಗದಲ್ಲಿ ಹೋಗೋದರಿಂದ ಅಲ್ಲಿ ಕಾಲದ ಹೆಜ್ಜೆಯ ಮಿತಿ ಇನ್ನೂ ಸಡಿಲ. ತೊಂದರೆ ಇರೋದು ಗಾಳಿಯ ಭಾಗದಲ್ಲಿ, ಆ 16.6ರಲ್ಲಿ.

15ನೇ ಹೆಜ್ಜೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಚದುರಂಗದ ಮಣೆ ಕಾಣುತ್ತೆ: ಒಂದು ಚೌಕ ಧನ, ಪಕ್ಕದ್ದು ಋಣ, ಮುಂದಿನ ಹೆಜ್ಜೆಗೆ ಎಲ್ಲವೂ ಅದಲುಬದಲು. ಈ ಮಣೆಯಲ್ಲಿ ಅಡ್ಡಕ್ಕೂ ಉದ್ದಕ್ಕೂ ವ್ಯತ್ಯಾಸ ಗರಿಷ್ಠ, ಎರಡೂ ಕೂಡಿಕೊಳ್ಳುತ್ತವೆ. ಅದಕ್ಕೇ ಹೆಜ್ಜೆಯ ಮಿತಿ ಒಂದು ಆಯಾಮದ ಮಿತಿಯನ್ನು (ಬೆಳಕು ಒಂದು ಚೌಕ ದಾಟುವ ಸಮಯ) 2ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ 11.8 ಪಿಕೋಸೆಕೆಂಡ್. ಮೂರು ಆಯಾಮಕ್ಕೆ ಹೋದರೆ 9.6. ಎಫ್‌ಡಿಟಿಡಿಗೆ ಬುನಾದಿಯಾದ ಚೌಕಗಳ ಜಾಲವನ್ನು ಯೀ ಪ್ರಕಟಿಸಿದ್ದು 1966ರಲ್ಲಿ. ಹೆಜ್ಜೆಯ ಈ ಮಿತಿಯ ಮೂಲ ಗಣಿತಜ್ಞರಾದ ಕೂರಂಟ್, ಫ್ರೀಡ್ರಿಕ್ಸ್, ಲೆವಿ ಅವರ 1928ರ ಕೆಲಸ.

ನಿಮ್ಮ ಹೆಜ್ಜೆಗೆ ಆ ಮಣೆ ಪ್ರತಿ ಸಲ ಸುಮಾರು 5.8 ಪಟ್ಟು ಬೆಳೆಯುತ್ತೆ. 400 ಸಲ ಗುಣಿಸಿ, 10ರ ಘಾತ 300 ದಾಟುತ್ತೆ. ಪೈಥಾನ್ ದಶಮಾಂಶ ಇಡುವ ಡಬಲ್ ಸಂಖ್ಯೆಗೆ ಆ ಘಾತ 308ರ ಆಚೆ ಹೋದರೆ ಜಾಗವೇ ಇಲ್ಲ. ನೀವು ಹೇಳಿದ 400 ನೋಡಿದ ತಕ್ಷಣ ನನಗೆ ಅನುಮಾನ ಬಂದಿದ್ದು ಇದರ ಮೇಲೇ. ಚೌಕ ಅರ್ಧ ಮಾಡಿದಾಗ ಹೆಜ್ಜೆಯನ್ನೂ ಅರ್ಧ ಮಾಡಬೇಕಿತ್ತು.

ಚೌಕ 5 ಮಿ.ಮೀ.ಗೇ ಇರಲಿ. 2.4 ಗಿಗಾಹರ್ಟ್ಸ್‌ಗೆ ಗೋಡೆಯೊಳಗೂ ಒಂದು ಅಲೆಗೆ 12 ಚೌಕ ಸಿಗುತ್ತೆ, ಸಾಕು. ಹೆಜ್ಜೆ 11.5 ಇಡಿ. ಆಮೇಲೆ ಒಂದು ಪಲ್ಸ್ ಬಿಟ್ಟು ಮೂಲ ನಿಲ್ಲಿಸಿ, ಒಟ್ಟು ಶಕ್ತಿಯನ್ನು ಪ್ರತಿ ಹೆಜ್ಜೆಗೆ ಬರೆದಿಡಿ. ಸ್ವಲ್ಪ ಅಲುಗಾಡಬಹುದು, ಏರುತ್ತಾ ಹೋಗಬಾರದು.

ಪ್ರಶ್ನಿಸಿದವರು:
ತುಂಬಾ ಧನ್ಯವಾದ ಸರ್! ಮಣೆ ನೀವು ಹೇಳಿದ ಹಾಗೇ ಕಂಡಿತು. 11.5ಕ್ಕೆ 5000 ಹೆಜ್ಜೆ ಓಡಿತು, ಶಕ್ತಿ ಅಲ್ಲೇ ನಿಂತಿದೆ. ಆದರೆ ಅಲೆ ಅಂಚಿಗೆ ಬಡಿದು ವಾಪಸ್ ಬರುತ್ತಿದೆ. ಹೆಜ್ಜೆ ಇನ್ನೂ ಚಿಕ್ಕದು ಮಾಡಲಾ?

ಉತ್ತರ:
ಬೇಡ, ಅದು ಬೇರೆ ವಿಷಯ. ಅಂಚಿನಲ್ಲಿ ವಿದ್ಯುತ್ ಕ್ಷೇತ್ರ ಸೊನ್ನೆ ಇಟ್ಟಿದ್ದೀರಿ, ಅದು ಲೋಹದ ತಗಡಿನ ಹಾಗೆ ಅಲೆಯನ್ನು ತಿರುಗಿಸುತ್ತೆ. ಸುತ್ತ 10 ಚೌಕದ ಪಿಎಂಎಲ್ ಹಾಕಿ, 1994ರಲ್ಲಿ ಬೆರೆಂಜೆ ಕೊಟ್ಟ ಹೀರಿಕೊಳ್ಳುವ ಪದರ ಅದು. ನಷ್ಟವನ್ನು ಒಳಗಿನಿಂದ ಹೊರಕ್ಕೆ ನಿಧಾನವಾಗಿ ಏರಿಸಿ. ಒಮ್ಮೆಲೇ ಏರಿಸಿದರೆ ಆ ಪದರವೇ ಅಲೆಯನ್ನು ಹಿಂದಕ್ಕೆ ತಳ್ಳುತ್ತೆ. ಹಾಕಿದ ಮೇಲೆ ಶಕ್ತಿಯ ಗೆರೆ ಇಳಿಯುತ್ತಾ ಹೋಗಬೇಕು. ಎಲ್ಲಾದರೂ ಏರತೊಡಗಿದರೆ ಪದರದ ಗುಣಾಂಕಗಳನ್ನು ಇಲ್ಲಿ ಹಾಕಿ, ನೋಡೋಣ.