ಓದುಗರ ಸ್ಪಂದನ: ತಮ್ಮ ರಬ್ಬರ್ ಹಾಕುತ್ತಾನಂತೆ, ಹಣ ಕೊಡಲಾ?

ಸುಳ್ಯದ ಕಡೆಯ ಎರಡು ಎಕರೆ ಅಡಿಕೆ ತೋಟ ಹಳದಿ ಎಲೆ ರೋಗಕ್ಕೆ ಹೋಯಿತು. ರಬ್ಬರ್ ಹಾಕಲು ತಮ್ಮ ನನ್ನ ಪಿ.ಎಫ್. ಹಣ ಕೇಳುತ್ತಿದ್ದಾನೆ, ಏನು ಮಾಡಲಿ ಎಂದು ಥಾಣೆಯ ಓದುಗರೊಬ್ಬರು ಕೇಳಿದ್ದರು.

ಅಣ್ಣಾ, ನಮ್ಮದೂ ಬೆಳ್ತಂಗಡಿ ಕಡೆ ಎರಡೇ ಎಕರೆ. 2009ರಲ್ಲಿ ಗಿಡ ನೆಟ್ಟೆವು. 2011ರಲ್ಲಿ ರಬ್ಬರ್ ಶೀಟಿಗೆ (ಹಾಲನ್ನು ಹೆಪ್ಪುಗಟ್ಟಿಸಿ ಒಣಗಿಸಿದ ಹಾಳೆ) ಕಿಲೋಗೆ 240 ರೂಪಾಯಿ ಆದಾಗ ಮನೆಯಲ್ಲಿ ಕೂತು ಲೆಕ್ಕ ಹಾಕಿದ್ದೇ ಹಾಕಿದ್ದು. ಏಳು ವರ್ಷ ಕಳೆದು ಹಾಲು ಬರುವಾಗ ರೇಟು ನೂರರ ಆಸುಪಾಸಿಗೆ ಇಳಿದಿತ್ತು. 2024ರ ಆಗಸ್ಟಿನಲ್ಲಿ ಮತ್ತೆ 240 ದಾಟಿತು, ಅಷ್ಟರಲ್ಲಿ ಪಕ್ಕದವರು ಮರ ಕಡಿದಾಗಿತ್ತು. ಏಳು ವರ್ಷ ಮುಟ್ಟದೆ ಬಿಡಬಹುದಾದ ಹಣವಾದರೆ ಕೊಡಿ. ಮಕ್ಕಳ ಓದಿಗೆ ಎತ್ತಿಟ್ಟದ್ದಾದರೆ ಬೇಡ.
ಡೊಂಬಿವಲಿಯಿಂದ

ಹಣದ ಮಾತು ಆಮೇಲೆ. ನಿಮ್ಮ ತಮ್ಮ ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಾರಾ, ಅದನ್ನು ಕೇಳಿ. ನಾನೂ ನನ್ನವರೂ ಇಲ್ಲಿ ಟ್ಯಾಪಿಂಗ್, ಅಂದರೆ ರಬ್ಬರ್ ಮರದ ತೊಗಟೆ ಗೀರಿ ಹಾಲು ಇಳಿಸುವ ಕೆಲಸ, ಮಾಡುತ್ತೇವೆ. ತಲೆಗೆ ಲೈಟ್ ಕಟ್ಟಿಕೊಂಡು ಹೊರಡಬೇಕು, ಬಿಸಿಲೇರಿದರೆ ಹಾಲು ಬೇಗ ನಿಲ್ಲುತ್ತದೆ. ಮೊನ್ನೆಯ ಗೀರಿನ ಮೇಲೆ ಚೂರಿ ಎಳೆದರೆ ಅಕ್ಕಿ ಕಾಳಿನಷ್ಟು ದಪ್ಪದ ಸಿಪ್ಪೆ ಏಳಬೇಕು, ಅಷ್ಟೇ. ಆಗ ಬೆಳ್ಳಗಿನ ಹಾಲು ಗೀರಿನುದ್ದಕ್ಕೂ ಇಳಿದು ಗೆರಟೆಗೆ ಬೀಳುತ್ತದೆ. ಚೂರಿ ಸ್ವಲ್ಪ ಆಳಕ್ಕೆ ಹೋಗಿ ತೊಗಟೆಯ ಒಳಗಿನ ಕಟ್ಟಿಗೆಗೆ ತಾಗಿತೋ, ಹೊಸ ತೊಗಟೆ ಗಂಟುಗಂಟಾಗಿ ಬರುತ್ತದೆ, ಮುಂದೆ ಅಲ್ಲಿ ಕೊಯ್ಯಲು ಆಗುವುದಿಲ್ಲ. ಕಲಿಯುವಾಗ ನಾನು ಕೆಡಿಸಿದ ಮರಗಳನ್ನು ಈಗಲೂ ನೋಡಿದರೆ ಹೊಟ್ಟೆ ಉರಿಯುತ್ತದೆ. ಎರಡು ಎಕರೆ ಅಂದರೆ ಸುಮಾರು 350 ಮರ, ಕೈ ಪಳಗಿದವರಿಗೆ ಒಂದು ಬೆಳಗಿನ ಕೆಲಸ. ಕೂಲಿಗೆ ಜನ ಇಟ್ಟರೆ ಉಳಿಯುವುದು ಕಡಿಮೆ. ರಬ್ಬರ್ ಬೋರ್ಡಿನವರು ಟ್ಯಾಪಿಂಗ್ ಕಲಿಸುತ್ತಾರೆ. ಗಿಡ ತರುವ ಮೊದಲು ತಮ್ಮನನ್ನು ಅಲ್ಲಿಗೆ ಕಳಿಸಿ.
ಗೋವಾದ ಫೋಂಡಾದಿಂದ ಒಬ್ಬ ಅಕ್ಕ

ಒಂದು ಮಾತು ಯಾರೂ ಹೇಳಲಿಲ್ಲ. ನಮ್ಮ ಕಡೆ ಅಡಿಕೆ ತೋಟ ಇರುವುದು ಜಾಸ್ತಿ ತಗ್ಗಿನಲ್ಲೇ ಅಲ್ವಾ? ನೀರು ನಿಲ್ಲುವ ಜಾಗ ರಬ್ಬರಿಗೆ ಆಗುವುದಿಲ್ಲ. ಇಳಿಜಾರು ಎಷ್ಟಿದೆಯೋ ಅಲ್ಲಿಗೆ ಮಾತ್ರ ಹಾಕಲಿ. ಮೊದಲ ಮೂರು ವರ್ಷ ನಡುವೆ ಅನಾನಸ್ ಇಲ್ಲವೇ ಬಾಳೆ ಬೆಳೆಯಬಹುದು, ಖರ್ಚಿಗೆ ಆಗುತ್ತದೆ. ಮರ ದೊಡ್ಡದಾದ ಮೇಲೆ ಜೇನು ಪೆಟ್ಟಿಗೆ ಇಡಲಿ. ಎಲೆ ಉದುರಿ ಹೊಸ ಚಿಗುರು ಬರುವಾಗ ಎಲೆಯ ಬುಡದಲ್ಲೇ ಮಕರಂದ ಒಸರುತ್ತದೆ, ಹೂವಿಗೆ ಕಾಯಬೇಕಿಲ್ಲ. ಊರಲ್ಲಿ ನಮ್ಮ ಅತ್ತಿಗೆ ಇಟ್ಟಿದ್ದಾರೆ. ಪ್ರತಿ ಏಪ್ರಿಲ್‌ನಲ್ಲಿ ನಮಗೆ ಎರಡು ಬಾಟಲಿ ಬರುತ್ತದೆ.
ಪುಣೆಯಿಂದ