‘ಕಾರ್ಟ್ ದ ವಿಸಿತ್’ಗೆ ಮತ್ತು ವೇಷದಲ್ಲಿ ತೆಗೆಸಿಕೊಂಡ ಫೋಟೊಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಜನ ಕೊಂಡು ಕೂಡಿಡುತ್ತಿದ್ದ ನಟನಟಿಯರ ಫೋಟೊಗಳ ಬಗ್ಗೆ ಬರೆಯುತ್ತಿದ್ದೇನೆ. ಎರಡು ಕಡೆ ಪದ ಸಿಗದೆ ನಿಂತಿದ್ದೇನೆ.

ಮೊದಲನೆಯದು ‘ಕಾರ್ಟ್ ದ ವಿಸಿತ್’, ಫ್ರೆಂಚಿನಲ್ಲಿ ‘ವಿಸಿಟಿಂಗ್ ಕಾರ್ಡ್’ ಎಂದರ್ಥ; ಅದರ ಅಳತೆಯ ಪುಟ್ಟ ಫೋಟೊ. ಪ್ಯಾರಿಸ್ಸಿನ ಫೋಟೊಗ್ರಾಫರ್ ದಿಸ್ದೆರಿ 1854ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಒಂದೇ ಪ್ಲೇಟಿನ ಮೇಲೆ ಹಲವು ಚಿತ್ರ ತೆಗೆದು, ಕತ್ತರಿಸಿ, ಸುಮಾರು 64 ಮಿ.ಮೀ. ಅಗಲ, 100 ಮಿ.ಮೀ. ಎತ್ತರದ ರಟ್ಟಿಗೆ ಅಂಟಿಸುವ ಕ್ರಮ. ಫೋಟೊ ಅಗ್ಗವಾಯಿತು. 1860ರ ದಶಕದಲ್ಲಿ ರಾಣಿಯ ಪಟವೂ ರಂಗನಟಿಯ ಪಟವೂ ಅಂಗಡಿಯಲ್ಲಿ ಮಾರಾಟಕ್ಕೆ ಬಂದು, ಮನೆಯ ಆಲ್ಬಮ್ಮಿನಲ್ಲಿ ಅಕ್ಕಪಕ್ಕ ಕೂತವು. ‘ವಿಸಿಟಿಂಗ್ ಕಾರ್ಡ್’ ಎಂದು ಬರೆದರೆ ಹೆಸರು, ಫೋನ್ ನಂಬರು ಕಣ್ಣಿಗೆ ಬರುತ್ತದೆ. ಅಳತೆ ಅದರದು ನಿಜ, ಬಳಕೆ ಅದರದಲ್ಲ. ‘ಚೀಟಿಪಟ’ ಎಂದರೆ ಹೇಗೆ? 1866ರಲ್ಲಿ ಬಂದ, ಇದೇ ಬಗೆಯ ದೊಡ್ಡ ಪಟದ ‘ಕ್ಯಾಬಿನೆಟ್ ಕಾರ್ಡ್’ ಎಂಬ ಹೆಸರನ್ನು ಹಾಗೇ ಬಿಡುತ್ತೇನೆ.

ಎರಡನೆಯದೇ ನನ್ನನ್ನು ಹೆಚ್ಚು ಕಾಡುತ್ತಿರುವುದು. ಪಾತ್ರದ ಉಡುಪಿನಲ್ಲಿ ತೆಗೆಸಿಕೊಂಡ ಪಟಗಳನ್ನು ‘ನಾಟಕದ ಫೋಟೊ’ ಎಂದರೆ ಆಟ ನಡೆಯುವಾಗಲೇ ತೆಗೆದದ್ದು ಅನ್ನಿಸುತ್ತದೆ. ಗ್ಯಾಸ್ ದೀಪದ ರಂಗದ ಮೇಲೆ ಅಷ್ಟು ಬೆಳಕೆಲ್ಲಿತ್ತು? ನಟರು ಉಡುಪು ಹೊತ್ತು ಸ್ಟುಡಿಯೋಗೆ ಹೋಗುತ್ತಿದ್ದರು. ಗಾಜಿನ ಮಾಡಿನಿಂದ ಬೀಳುವ ಹಗಲ ಬೆಳಕಿನಲ್ಲಿ, ಬಣ್ಣ ಬಳಿದ ಪರದೆಯ ಮುಂದೆ, ಕೆಲವು ಸೆಕೆಂಡು ಅಲುಗದೆ ನಿಲ್ಲಬೇಕು. ತಲೆ ಕದಲದಂತೆ ಹಿಂದೆ ಕಬ್ಬಿಣದ ಆನಿಕೆ. ಎದುರು ಪಾತ್ರವಿಲ್ಲ, ಮಾತಿಲ್ಲ, ನೋಡುವ ಜನರಿಲ್ಲ. ಅಲ್ಲಿ ಭಾವ ತಂದುಕೊಳ್ಳುವುದು ಸಣ್ಣ ಕೆಲಸವಲ್ಲ ಎಂದು ಆ ಪಟಗಳನ್ನು ನೋಡಿದಾಗಲೆಲ್ಲ ಅನ್ನಿಸುತ್ತದೆ.

ಇಂಗ್ಲಿಷ್ ರಂಗನಟಿ ಎಲೆನ್ ಟೆರಿ 1888ರ ಡಿಸೆಂಬರಿನಲ್ಲಿ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ, ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಲೇಡಿ ಮ್ಯಾಕ್‌ಬೆತ್ ಆದಳು. ಹೊಳೆಯುವ ಹಸಿರು ಜೀರುಂಡೆ ರೆಕ್ಕೆಗಳನ್ನು ಹೊಲಿದಿದ್ದ ಉಡುಪು. ಅದನ್ನುಟ್ಟ ಅವಳ ಪಟವನ್ನು ವಿಂಡೋ ಅಂಡ್ ಗ್ರೋವ್ ಸ್ಟುಡಿಯೋದವರು ತೆಗೆದರು. ಪಟದಲ್ಲಿ ಹಸಿರಿಲ್ಲ. ಇಂಥ ಪಟ ಕೊಂಡವರು ಮನೆಗೆ ಒಯ್ದದ್ದು ಟೆರಿಯನ್ನೋ, ಲೇಡಿ ಮ್ಯಾಕ್‌ಬೆತ್‌ಳನ್ನೋ?

ಇಬ್ಬರನ್ನೂ ಒಟ್ಟಿಗೆ ಹಿಡಿಯುವ ಪದ ನಮ್ಮಲ್ಲೇ ಇದೆ: ವೇಷ. ಯಕ್ಷಗಾನ ನೋಡುವವರು ‘ನಿನ್ನೆಯ ಆ ವೇಷ ಚೆನ್ನಾಗಿತ್ತು’ ಎಂದರೆ ಅದರಲ್ಲಿ ಉಡುಪು, ಬಣ್ಣ, ಪಾತ್ರ, ಕಲಾವಿದ ಎಲ್ಲವೂ ಬಂತು. ಅದಕ್ಕೇ ‘ವೇಷದ ಪಟ’ ನನಗೆ ಒಪ್ಪಿಗೆಯಾಗಿದೆ. ಅಳುಕು ಒಂದೇ. ಬಯಲುಸೀಮೆಯ ಓದುಗರಿಗೆ ‘ವೇಷ ಹಾಕುವುದು’ ಎಂದರೆ ಮೋಸದ ನೆನಪೇ ಮೊದಲು ಬರುತ್ತದೆಯೇ? ನಟಿ ತನ್ನ ಮಾಮೂಲಿ ಬಟ್ಟೆಯಲ್ಲಿ ತೆಗೆಸಿಕೊಂಡದ್ದಕ್ಕೆ ಬರೀ ‘ಭಾವಚಿತ್ರ’ ಸಾಕೇ?

ಕಂಪನಿ ನಾಟಕದವರ ಒಡನಾಟ ಇದ್ದವರು ದಯವಿಟ್ಟು ತಿಳಿಸಿ: ಪಾತ್ರದ ಉಡುಪಿನಲ್ಲಿ ಸ್ಟುಡಿಯೋಗೆ ಹೋಗಿ ತೆಗೆಸಿಕೊಂಡ ಫೋಟೊಗೆ ಅವರ ಬಾಯಲ್ಲಿ ಯಾವ ಹೆಸರಿತ್ತು?